ತುಂತುರು ಬಿದ್ದ ದಿನ ಸ್ಪ್ರಿಂಕ್ಲರ್ ನಿಲ್ಲಿಸಬೇಕಾ? ಮೈದಾನದ ಹುಲ್ಲಿಗೆ ನೀರು: ಪ್ರಶ್ನೋತ್ತರ

ಪ್ರಶ್ನೆ (ಶಾಲಾ ಮೈದಾನದ ಉಸ್ತುವಾರಿ, ಯಲಹಂಕ): ಸರ್, ನಮ್ಮದು 105 × 68 ಮೀಟರ್ ಫುಟ್‌ಬಾಲ್ ಮೈದಾನ. ಕೆಮ್ಮಣ್ಣು, ಬರ್ಮುಡಾ 419 ಹುಲ್ಲು. ಪಾಪ್-ಅಪ್ ಗೇರ್ ಸ್ಪ್ರಿಂಕ್ಲರ್‌ಗಳು (ನೀರು ಬಿಟ್ಟಾಗ ನೆಲದಿಂದ ಮೇಲೆದ್ದು, ಗೇರ್‌ನಿಂದ ತಿರುಗೋವು) 15 ಮೀಟರ್‌ಗೊಂದು. ದಿನಾ ಬೆಳಿಗ್ಗೆ ಒಂದೊಂದು ವಾಲ್ವ್ 20 ನಿಮಿಷ ಓಡುತ್ತೆ. ಈಗ ಆಷಾಢದ ಗಾಳಿ, ಆಗಾಗ ತುಂತುರು. ಮಳೆ ಬಂದ ದಿನ ಮಾಲಿ ಆಫ್ ಮಾಡ್ತಾರೆ, ಬಾರದ ದಿನ ಆನ್. ಆದರೂ ಪಶ್ಚಿಮದ ಅಂಚು ಒಣಗ್ತಿದೆ, ಉತ್ತರದ ಗೋಲ್ ಹತ್ತಿರ ಕಾಲಿಟ್ರೆ ಪಚಪಚ ಅನ್ನುತ್ತೆ. ನೀರು ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?

ಉತ್ತರ (ಟರ್ಫ್ ಸಲಹೆಗಾರ): ಎರಡೂ ಆಗಿದೆ ಸರ್. ನಿಮಿಷದ ಲೆಕ್ಕ ಬಿಟ್ಟು ಮಿಲಿಮೀಟರ್ ಲೆಕ್ಕಕ್ಕೆ ಬನ್ನಿ. ಒಂದು ಚದರ ಮೀಟರ್ ಮೇಲೆ ಒಂದು ಲೀಟರ್ ಬಿದ್ದರೆ 1 ಮಿ.ಮೀ. ನಿಮ್ಮ ಮೈದಾನ 7,140 ಚದರ ಮೀಟರ್, ಹಾಗಾಗಿ ಒಂದೊಂದು ಮಿ.ಮೀ.ಗೆ 7,140 ಲೀಟರ್. ದೊಡ್ಡ ಟ್ಯಾಂಕರ್ ಅಲ್ಲದಿದ್ದರೆ ಒಂದು ಟ್ಯಾಂಕರ್‌ನಲ್ಲಿ 1 ಮಿ.ಮೀ. ಕೂಡ ಆಗಲ್ಲ.

ಬೇರು 12 ಸೆಂ.ಮೀ. ಇಳಿದಿದೆ ಅಂತ ಇಟ್ಟುಕೊಳ್ಳೋಣ. ಕೆಮ್ಮಣ್ಣಿನ ಗೋಡಿನಲ್ಲಿ ಪ್ರತಿ ಸೆಂಟಿಮೀಟರ್ ಆಳಕ್ಕೆ ಹುಲ್ಲಿಗೆ ಸಿಗೋ ನೀರು ಸುಮಾರು 1.4 ಮಿ.ಮೀ. ಒಟ್ಟು 17 ಮಿ.ಮೀ. ಹತ್ತಿರ. ಅದರಲ್ಲಿ ಅರ್ಧ, ಅಂದರೆ 8 ಮಿ.ಮೀ. ಖರ್ಚಾಗೋವರೆಗೆ ಹುಲ್ಲಿಗೆ ತೊಂದರೆ ಇಲ್ಲ. ಆಮೇಲೆ ಒಂದೇ ಸಲ 8 ಮಿ.ಮೀ. ಕೊಡಿ. ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ಮೇಲಿನ ಐದಾರು ಸೆಂ.ಮೀ. ಮಾತ್ರ ನೆನೆದು, ಬೇರೂ ಅಲ್ಲೇ ನಿಂತುಬಿಡುತ್ತೆ. ಆಮೇಲೆ ಎರಡು ದಿನ ಗಾಳಿ ಬೀಸಿದರೆ ತಡೆಯಲ್ಲ.

ಹುಲ್ಲು ದಿನಕ್ಕೆ ಖರ್ಚು ಮಾಡೋ ನೀರಿಗೆ ಬೆಂಗಳೂರಿನಲ್ಲಿ ಹೀಗೆ ಶುರು ಮಾಡಿ: ಮಾರ್ಚ್-ಏಪ್ರಿಲ್‌ನಲ್ಲಿ 4ರಿಂದ 4.5 ಮಿ.ಮೀ., ಜೂನ್-ಜುಲೈನ ಮೋಡ-ಗಾಳಿಗೆ 3, ಡಿಸೆಂಬರ್‌ನಲ್ಲಿ 2.5. ಮರದ ನೆರಳಿರೋ ಕಡೆ ಇನ್ನೂ ಕಮ್ಮಿ. ಈ ಅಂಕಿಗಳನ್ನ ನಿಮ್ಮ ಮಣ್ಣು ನೋಡಿ ತಿದ್ದಿಕೊಳ್ಳಬೇಕು. ಉದ್ದದ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಹದ ಇದ್ದರೆ 12-15 ಸೆಂ.ಮೀ. ಸಲೀಸಾಗಿ ಇಳಿಯುತ್ತೆ, ಒಣಗಿದ್ದರೆ ಎಲ್ಲಿ ತಡೆಯುತ್ತೋ ಅಲ್ಲಿಗೆ ನೀರು ಮುಗಿದಿದೆ.

ಮರುಪ್ರಶ್ನೆ (ಅದೇ ಉಸ್ತುವಾರಿ): ಮಳೆಯನ್ನ ಈ ಲೆಕ್ಕದಲ್ಲಿ ಹೇಗೆ ಸೇರಿಸೋದು ಸರ್?

ಉತ್ತರ (ಟರ್ಫ್ ಸಲಹೆಗಾರ): ನಮ್ಮೂರಿನ ಮಳೆ ಎರಡು ಥರ ಮೋಸ ಮಾಡುತ್ತೆ. ಆಷಾಢದ ತುಂತುರು ದಿನವಿಡೀ ಬಿದ್ದ ಹಾಗೆ ಕಾಣುತ್ತೆ, ಅಳೆದರೆ 1 ಮಿ.ಮೀ. ಎಲೆ ಮೇಲೇ ಕೂತು, ಗಾಳಿಗೆ ಆರಿ ಹೋಗುತ್ತೆ, ಬೇರಿಗೆ ಹನಿಯೂ ಇಳಿಯಲ್ಲ. ಮೇ ತಿಂಗಳ ಗುಡುಗು ಮಳೆ ಇದಕ್ಕೆ ಉಲ್ಟಾ: ಅರ್ಧ ಗಂಟೇಲಿ 35 ಮಿ.ಮೀ. ಸುರಿದು, ಇನ್ನೊಂದು ವಾರ ನೀರೇ ಬೇಡ ಅನ್ನೋ ಭ್ರಮೆ ಹುಟ್ಟಿಸುತ್ತೆ. ಮಣ್ಣು ಹಿಡಿಯೋದು ಖಾಲಿ ಇದ್ದಷ್ಟೇ, ಮಿಕ್ಕಿದ್ದು ಚರಂಡಿಗೆ.

ಜುಲೈನ ಒಂದು ವಾರ ಹೀಗೆ ನೋಡಿ. ಸೋಮವಾರ ಖರ್ಚು 3, ತುಂತುರು 1: ಮಳೆಯನ್ನ ಲೆಕ್ಕಕ್ಕೆ ಹಿಡೀಬೇಡಿ, ಬಾಕಿ (ಅಂದರೆ ಮಣ್ಣಿಗೆ ಮತ್ತೆ ತುಂಬಿಸಬೇಕಾದ ನೀರು) 3. ಮಂಗಳವಾರ ಬಾಕಿ 6. ಬುಧವಾರ ತುಂತುರು ಒಂದೂವರೆ, ಅದೂ ಬೇಡ, ಬಾಕಿ 9. ಗುರುವಾರ ನಸುಕಿಗೆ ನೀರು ಬಿಡಬೇಕಿತ್ತು, ಅಷ್ಟರಲ್ಲಿ ರಾತ್ರಿಯೇ 35 ಮಿ.ಮೀ. ಮಳೆ ಬಂತು. ಆಗ ಬಾಕಿ ಸೊನ್ನೆ, ಅಷ್ಟೇ. 26 ಮಿ.ಮೀ. ಉಳಿತಾಯ ಅಂತ ಬರೀಬೇಡಿ. ಗುರುವಾರದ ಖರ್ಚಿನಿಂದ ಮತ್ತೆ ಲೆಕ್ಕ ಶುರು, ಶನಿವಾರ ಸಂಜೆಗೆ ಬಾಕಿ ಮತ್ತೆ 9. 2 ಮಿ.ಮೀ. ಒಳಗಿನ ಮಳೆ ಬಿಟ್ಟುಬಿಡಿ, ಮೇಲಿದ್ದರೆ ಬಾಕಿ ಇರುವಷ್ಟಕ್ಕೆ ಮಾತ್ರ ಹಿಡಿಯಿರಿ. ಜೋರು ಮಳೆ ಆದ ಮರುದಿನ ಒಂದು ಸಲ ಸ್ಕ್ರೂಡ್ರೈವರ್ ಚುಚ್ಚಿ ಖಾತ್ರಿ ಮಾಡಿಕೊಳ್ಳಿ. ಆಟಗಾರರ ಕಾಲಿಗೆ ಗಟ್ಟಿಯಾದ ನೆಲದಲ್ಲಿ ಮಳೆ ಇಂಗದೆ ಹರಿದು ಹೋಗಿರೋ ಸಾಧ್ಯತೆ ಇರುತ್ತೆ.

ಮಳೆಮಾಪಕ ನಿಮ್ಮ ಮೈದಾನದಲ್ಲೇ ಇರಲಿ. ಗೋಡೆ, ಮರದಿಂದ ಅವುಗಳ ಎತ್ತರದ ಎರಡರಷ್ಟು ದೂರದಲ್ಲಿಡಿ. ಯಲಹಂಕದಲ್ಲಿ ಜೋರಾಗಿ ಸುರಿದ ಮಳೆಗೆ ಜಯನಗರದಲ್ಲಿ ರಸ್ತೆ ಕೂಡ ನೆನೆದಿರಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ ಪಕ್ಕದಲ್ಲೇ ಇದ್ದರೆ ಅದರ ಅಂಕಿ ನಡೆಯುತ್ತೆ, ದೂರದ್ದು ಬೇಡ.

ಮಳೆ ಬರುತ್ತೆ ಅಂತ ಮುನ್ಸೂಚನೆ ಇದ್ದು, ಬಾಕಿ 8 ಆಗಿದ್ದರೆ 4 ಮಾತ್ರ ಕೊಡಿ. ಮಳೆ ಬಂದರೆ ಹಿಡಿಯೋಕೆ ಜಾಗ ಇರುತ್ತೆ, ಕೈಕೊಟ್ಟರೆ ಹುಲ್ಲು ಇನ್ನೊಂದು ದಿನ ತಡೆಯುತ್ತೆ. ಬಾಕಿ 12 ದಾಟೋವರೆಗೆ ಮಾತ್ರ ಮೋಡ ನೋಡ್ತಾ ಕೂರಬೇಡಿ. ಹುಲ್ಲು ಬೂದು-ನೀಲಿಗೆ ತಿರುಗಿದ್ದರೆ, ನಡೆದ ಹೆಜ್ಜೆ ಗುರುತು ಎದ್ದು ಬರದಿದ್ದರೆ ಆಗಲೇ ತಡವಾಗಿದೆ.

ಪ್ರತಿಕ್ರಿಯೆ (ನೀರಾವರಿ ಟೆಕ್ನಿಷಿಯನ್, ಪೀಣ್ಯ): ಇಷ್ಟೆಲ್ಲಾ ಮಾಡೋ ಮುಂಚೆ ನಿಮ್ಮ ಸ್ಪ್ರಿಂಕ್ಲರ್ ಗಂಟೆಗೆ ಎಷ್ಟು ಮಿ.ಮೀ. ಹಾಕುತ್ತೆ ಅಂತ ಗೊತ್ತಿರಬೇಕು ಸರ್. ಕಂಪನಿ ಪುಸ್ತಕದ ಅಂಕಿ ನಂಬಬೇಡಿ. ಕ್ಯಾಂಟೀನ್‌ನಿಂದ ಒಂದೇ ಅಳತೆಯ, ನೆಟ್ಟಗಿನ ಲೋಟ 16 ತನ್ನಿ. ನಾಲ್ಕು ಸ್ಪ್ರಿಂಕ್ಲರ್‌ಗಳ ನಡುವಿನ ಚೌಕದಲ್ಲಿ ಸಮ ಅಂತರದಲ್ಲಿಡಿ. ಆ ಚೌಕಕ್ಕೆ ನೀರು ಹಾಯಿಸೋ ವಾಲ್ವ್‌ಗಳೆಲ್ಲ ತಲಾ 15 ನಿಮಿಷ ಓಡಲಿ. ಲೋಟದ ನೀರನ್ನ ಸಿರಿಂಜಿನಲ್ಲಿ ಅಳೀರಿ. ಬಾಯಿ 8 ಸೆಂ.ಮೀ. ಅಗಲ ಇದ್ದರೆ 5 ಮಿ.ಲೀ.ಗೆ 1 ಮಿ.ಮೀ. ಅಂತ ಹಿಡಿಯಬಹುದು. ಸರಾಸರಿ 15 ಮಿ.ಲೀ. ಬಂತು ಅಂದ್ರೆ 15 ನಿಮಿಷಕ್ಕೆ 3 ಮಿ.ಮೀ., ಗಂಟೆಗೆ 12.

ಈಗ ಅತಿ ಕಮ್ಮಿ ಬಿದ್ದ ನಾಲ್ಕು ಲೋಟದ ಸರಾಸರಿ ತೆಗೀರಿ. ಅದು 9 ಮಿ.ಲೀ. ಆದರೆ 9 ಭಾಗಿಸು 15, ಅಂದರೆ ಹಂಚಿಕೆ 0.6 (ಎಲ್ಲಾ ಕಡೆ ಒಂದೇ ಸಮ ಬಿದ್ದರೆ 1). ಇದು ಕಳಪೆ. 0.75 ಬಂದರೆ ಪರವಾಗಿಲ್ಲ. 0.6 ಇದ್ದಾಗ ಒಣ ಜಾಗಕ್ಕೂ ಸಾಕಷ್ಟು ತಲುಪಲಿ ಅಂದ್ರೆ 8ರ ಬದಲು 10.5 ಮಿ.ಮೀ. ಬಿಡಬೇಕು, 0.75ಕ್ಕೆ ತಂದರೆ 9.4 ಸಾಕು. ವ್ಯತ್ಯಾಸ ಒಂದು ಸಲಕ್ಕೆ ಎಂಟು ಸಾವಿರ ಲೀಟರ್ ಹತ್ತಿರ. ದೊಡ್ಡ ಕಂಟ್ರೋಲರ್ ಕೊಳ್ಳೋ ಮುಂಚೆ ನಾಝಲ್ ಸರಿ ಮಾಡಿಸಿ ಅನ್ನೋದು ಇದಕ್ಕೇ.

ಏನೇನು ಕೆಟ್ಟಿರುತ್ತೆ: ಪ್ರೆಶರ್ ಕಮ್ಮಿ ಆದರೆ ನೀರು ದೂರದಲ್ಲಿ ಬಳೆಯಂತೆ ಬಿದ್ದು ನಡುವೆ ಒಣಗುತ್ತೆ. ಜಾಸ್ತಿ ಆದರೆ ಮಂಜಿನಂತೆ ಒಡೆದು ಗಾಳಿಗೆ ಹೋಗುತ್ತೆ. ಗೇರ್ ಸ್ಪ್ರಿಂಕ್ಲರ್‌ಗೆ ಸಾಮಾನ್ಯವಾಗಿ 3ರಿಂದ 4.5 ಕೆ.ಜಿ. ಪ್ರೆಶರ್ ಬೇಕು, ಅದೂ ಮೋಟರ್ ಹತ್ತಿರ ಅಲ್ಲ, ಕೊನೇ ಸ್ಪ್ರಿಂಕ್ಲರ್ ಬುಡದಲ್ಲಿ. ಅಂಚಿನಲ್ಲಿ ಅರ್ಧ ವೃತ್ತ ತಿರುಗೋದಕ್ಕೆ ಪೂರ್ತಿ ವೃತ್ತದ ನಾಝಲ್ ಹಾಕಿದ್ದರೆ ಅಲ್ಲಿ ಡಬಲ್ ನೀರು ಬೀಳುತ್ತೆ. ಅರ್ಧಕ್ಕೆ ಅರ್ಧ, ಮೂಲೆಗೆ ಕಾಲು ಹರಿವಿನ ನಾಝಲ್ ಇರಬೇಕು.

ಇನ್ನು ಪಶ್ಚಿಮದ ಅಂಚು. ಈ ತಿಂಗಳು ಗಾಳಿ ಪಶ್ಚಿಮದಿಂದಲೇ, ನೀರನ್ನೆಲ್ಲ ಪೂರ್ವಕ್ಕೆ ತಳ್ಳುತ್ತೆ. ಆರು ಗಂಟೆಗೆ ಮುಂಚೆ ಮುಗಿಸಿ, ಆಗ ಗಾಳಿ ಕಮ್ಮಿ. ಆ ಸಾಲಿಗೆ ಕೆಳಕೋನದ ನಾಝಲ್ ಹಾಕಿ, ದಪ್ಪ ಹನಿ ಬೀಳುತ್ತೆ. ಆ ವಾಲ್ವ್‌ಗೆ ಮಾತ್ರ ಕಾಲು ಭಾಗ ಸಮಯ ಸೇರಿಸಿ, ಇಡೀ ಮೈದಾನಕ್ಕೆ ಬೇಡ.

ಗೋಲ್ ಹತ್ತಿರದ ಕೆಸರಿಗೆ ನಂಗೆ ಮೊದಲ ಅನುಮಾನ ಬೇರೆ. ಉತ್ತರದ ಕಡೆ ಇಳಿಜಾರು ಇದೆಯಾ?

ಮರುಪ್ರಶ್ನೆ (ಯಲಹಂಕ): ಇದೆ. ನೀರು ನಿಂತ ಮೇಲೂ ಆ ಮೂಲೇಲಿ ಸ್ಪ್ರಿಂಕ್ಲರ್‌ನಿಂದ ಸ್ವಲ್ಪ ಹೊತ್ತು ಸೋರುತ್ತೆ.

ಪ್ರತಿಕ್ರಿಯೆ (ಟೆಕ್ನಿಷಿಯನ್): ಹಾಗಾದ್ರೆ ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಉಳಿದ ನೀರೆಲ್ಲ ಅತಿ ತಗ್ಗಿನ ಸ್ಪ್ರಿಂಕ್ಲರ್‌ನಿಂದ ಹೊರಗೆ ಬರ್ತಿದೆ. 63 ಮಿ.ಮೀ. ಪೈಪಿನಲ್ಲಿ ಮೀಟರ್‌ಗೆ ಎರಡೂವರೆ ಲೀಟರ್ ಮೇಲೆ ನೀರಿರುತ್ತೆ, ನೂರು ಮೀಟರ್ ಲೈನ್ ಇದ್ದರೆ 260 ಲೀಟರ್ ಅದೇ ಜಾಗಕ್ಕೆ. ತಗ್ಗಿನ ಸ್ಪ್ರಿಂಕ್ಲರ್‌ಗಳಿಗೆ ಚೆಕ್ ವಾಲ್ವ್ (ಪೈಪಿನಲ್ಲಿ ಉಳಿದ ನೀರು ಹೊರಗೆ ಸೋರದ ಹಾಗೆ ತಡೆಯೋದು) ಹಾಕಿಸಿ. ಸೋರಿಕೆ ಗಂಟೆಗಟ್ಟಲೆ ನಿಲ್ಲದಿದ್ದರೆ ಅದು ಬೇರೆ ರೋಗ: ಸೋಲೆನಾಯ್ಡ್ ವಾಲ್ವ್‌ನ (ಕರೆಂಟಿನಿಂದ ತೆರೆದು ಮುಚ್ಚೋ ವಾಲ್ವ್) ರಬ್ಬರ್ ಪರದೆಯಲ್ಲಿ ಮರಳಿನ ಕಣ ಸಿಕ್ಕಿರುತ್ತೆ, ಬಿಚ್ಚಿ ತೊಳೆದರೆ ಸರಿ ಹೋಗುತ್ತೆ.

ಉತ್ತರ (ಸಲಹೆಗಾರ): ಚೆಕ್ ವಾಲ್ವ್ ಮೊದಲು ಆಗಲಿ, ಯಾಕಂದ್ರೆ ನಾನು ಮುಂದೆ ಹೇಳೋದು ಆ ಸೋರಿಕೆಯನ್ನ ನಾಲ್ಕು ಪಟ್ಟು ಮಾಡುತ್ತೆ. ಗಂಟೆಗೆ 12 ಮಿ.ಮೀ. ಲೆಕ್ಕದಲ್ಲಿ 8 ಮಿ.ಮೀ.ಗೆ 40 ನಿಮಿಷ ಬೇಕು (ಹಂಚಿಕೆಗೆ ಸೇರಿಸೋದು ಬೇರೆ), ಆದರೆ ಒಂದೇ ಸಮ ಬಿಟ್ಟರೆ ಕೆಮ್ಮಣ್ಣು ಕುಡಿಯಲ್ಲ. ನೆಲದ ಮೇಲೆ ನೀರು ಮಿನುಗೋಕೆ ಎಷ್ಟು ನಿಮಿಷ ಆಗುತ್ತೆ ನೋಡಿ, 12 ಅಂದುಕೊಳ್ಳಿ. ಆಗ 10 ನಿಮಿಷ ಓಡಿಸಿ, 45 ನಿಮಿಷ ಇಂಗೋಕೆ ಬಿಡಿ, ಹೀಗೆ ನಾಲ್ಕು ಸುತ್ತು. ವಾಲ್ವ್‌ಗಳು ಸರದಿಯಲ್ಲಿ ತಿರುಗೋದ್ರಿಂದ ಬಿಡುವು ತಾನಾಗೇ ಸಿಗುತ್ತೆ.

ಹಂಚಿಕೆ 0.75 ಇದ್ದರೂ ಒಂದು ಸಲಕ್ಕೆ 67,000 ಲೀಟರ್ ಬೇಕು. ಗಂಟೆಗೆ 15,000 ಲೀಟರ್ ಎತ್ತೋ ಮೋಟರ್‌ಗೆ ನಾಲ್ಕೂವರೆ ಗಂಟೆ, ಹಾಗಾಗಿ ರಾತ್ರಿ ಒಂದೂವರೆಗೆ ಶುರು ಮಾಡಿ. ಸಂಪು ಅಷ್ಟು ದೊಡ್ಡದಿಲ್ಲದಿದ್ದರೆ ಇವತ್ತು ಅರ್ಧ ಮೈದಾನ, ನಾಳೆ ಅರ್ಧ. ಪ್ರತಿ ಭಾಗಕ್ಕೂ ಪೂರ್ತಿ 8 ಮಿ.ಮೀ. ಸಿಗಲಿ, ಇಡೀ ಮೈದಾನಕ್ಕೆ 4 ಹಂಚೋದು ಬೇಡ. ಸಂಜೆ ಆರಕ್ಕೆ ಬಿಡೋ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಮಳೆಗಾಲದಲ್ಲಿ ರಾತ್ರಿಯಿಡೀ ಎಲೆ ಒದ್ದೆ ಇದ್ದರೆ ಬೂಷ್ಟು ರೋಗ ಹತ್ತುತ್ತೆ.

ಪ್ರಶ್ನೆ (ಅಪಾರ್ಟ್‌ಮೆಂಟ್ ಕ್ರೀಡಾಂಗಣ ಸಮಿತಿ, ವೈಟ್‌ಫೀಲ್ಡ್): ನಾವು ರೈನ್ ಸೆನ್ಸರ್ ಹಾಕಿಸಿದ್ವಿ. ಜುಲೈನಲ್ಲಿ ಅದು ಸ್ಪ್ರಿಂಕ್ಲರ್ ಆನ್ ಆಗೋಕೇ ಬಿಡ್ತಿಲ್ಲ, ಹುಲ್ಲು ಒಣಗ್ತಿದೆ. ನಮ್ಮಲ್ಲಿ ಪೂರ್ತಿ ಎಸ್‌ಟಿಪಿ ನೀರು (ಸಂಸ್ಕರಿಸಿದ ಕೊಳಚೆ ನೀರು), ಅದರಿಂದ ಏನಾದ್ರೂ ತೊಂದರೆ ಇದೆಯಾ?

ಉತ್ತರ (ಸಲಹೆಗಾರ): ಮೇಡಂ, ಆ ಸೆನ್ಸರ್ ಒಳಗೆ ನೆನೆದರೆ ಊದೋ ಬಿಲ್ಲೆಗಳಿವೆ. ಅವು ಊದಿ ಸ್ವಿಚ್ ಒತ್ತುತ್ತವೆ, ಒಣಗಿದರೆ ಬಿಡುತ್ತವೆ. ಜುಲೈನ ತೇವದ ಗಾಳೀಲಿ ಬಿಲ್ಲೆ ಒಣಗೋದು ನಿಧಾನ, ತುಂತುರು ಬೇರೆ ಮತ್ತೆ ಮತ್ತೆ ನೆನೆಸುತ್ತೆ, ಆದರೆ ನೆಲ ಒಣಗ್ತಾನೇ ಇರುತ್ತೆ. 3 ಮಿ.ಮೀ.ಗೆ ಇಟ್ಟಿದ್ದರೆ 12ಕ್ಕೆ ಬದಲಿಸಿ, ಪಕ್ಕದ ಗಾಳಿಕಿಂಡಿ ಪೂರ್ತಿ ತೆರೀರಿ. ಬಾಲ್ಕನಿ ಕೆಳಗೆ, ಮರದಡಿ ಇದ್ದರೆ ಬಿಸಿಲಿಗೆ ಸ್ಥಳಾಂತರಿಸಿ. ಬೇರಿನ ಆಳದಲ್ಲಿ ಹೂಳೋ ತೇವಾಂಶ ಸೆನ್ಸರ್ ನಮ್ಮ ಹವೆಗೆ ಇದಕ್ಕಿಂತ ಮೇಲು.

ಎಸ್‌ಟಿಪಿ ನೀರೇ ಸರಿಯಾದ ದಾರಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯೋ ನೀರನ್ನ ಗಿಡಕ್ಕೆ, ವಾಹನ ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂದಿತ್ತು. ಆ ಸಲದ ಐಪಿಎಲ್‌ಗೆ ಚಿನ್ನಸ್ವಾಮಿ ಕ್ರೀಡಾಂಗಣಕ್ಕೂ ಸಂಸ್ಕರಿಸಿದ ನೀರೇ ಹೋಯ್ತು. ವರ್ಷಕ್ಕೆರಡು ಸಲ ಲ್ಯಾಬ್ ಪರೀಕ್ಷೆ ಮಾಡಿಸಿ. ಇ.ಸಿ. (ನೀರಿನ ಉಪ್ಪಿನಂಶದ ಅಳತೆ, ಡಿ.ಎಸ್./ಮೀ. ಲೆಕ್ಕದಲ್ಲಿ) 0.7 ಒಳಗಿದ್ದರೆ ಚಿಂತೆ ಇಲ್ಲ, 3 ದಾಟಿದರೆ ಕಷ್ಟ. ಅದಕ್ಕಿಂತ ಸೋಡಿಯಂ ಪ್ರಮಾಣ ಮುಖ್ಯ. ಅದು ಹೆಚ್ಚಿದ್ದರೆ ಮೇಲ್ಮಣ್ಣು ಬಿಗಿದುಕೊಂಡು ನೀರು ಇಂಗಲ್ಲ, ಆಗ ಪರೀಕ್ಷೆ ಪ್ರಕಾರ ಜಿಪ್ಸಂ ಹಾಕಬೇಕು. 120 ಮೆಶ್ ಡಿಸ್ಕ್ ಫಿಲ್ಟರ್ ಇಲ್ಲದೆ ಈ ನೀರನ್ನ ವಾಲ್ವ್‌ಗೆ ಬಿಡಲೇಬೇಡಿ. ಗೊಬ್ಬರದ ಲೆಕ್ಕವೂ ಬದಲಾಗುತ್ತೆ: ಲೀಟರ್‌ಗೆ 10 ಮಿ.ಗ್ರಾಂ. ಸಾರಜನಕ ಇದ್ದರೆ 67,000 ಲೀಟರ್‌ನಲ್ಲಿ ಒಂದೂವರೆ ಕೆ.ಜಿ. ಯೂರಿಯಾದಷ್ಟು ತಾನಾಗೇ ಹೋಗಿರುತ್ತೆ. ಅಷ್ಟನ್ನ ಕಳೀರಿ, ಇಲ್ಲದಿದ್ದರೆ ವಾರಕ್ಕೆ ಒಂದು ಸಲ ಹೆಚ್ಚಿಗೆ ಕತ್ತರಿಸ್ತಾ ಕೂರಬೇಕು.

ಪ್ರಶ್ನೆ (ಕ್ರಿಕೆಟ್ ಕ್ಲಬ್ ಗ್ರೌಂಡ್ಸ್‌ಮನ್, ರಾಜಾಜಿನಗರ): ಔಟ್‌ಫೀಲ್ಡ್‌ಗೆ ನೀರು ಬಿಟ್ಟಾಗ ಪಿಚ್‌ ಮೇಲೂ ಬೀಳುತ್ತೆ ಸರ್. ಮತ್ತೆ ಮಧ್ಯಾಹ್ನ ನೀರು ಬಿಟ್ರೆ ಹುಲ್ಲು ಸುಟ್ಟೋಗುತ್ತೆ ಅಂತಾರಲ್ಲ, ನಿಜಾನಾ?

ಉತ್ತರ (ಸಲಹೆಗಾರ): ಪಿಚ್ ಜೇಡಿಮಣ್ಣು, ಅದರ ಹದವೇ ಬೇರೆ, ಅದಕ್ಕೆ ಪೈಪ್ ಹಿಡಿದು ಕೈಯಲ್ಲೇ ನೀರು ಕೊಡಬೇಕು. ಪಿಚ್‌ಗಳಿರೋ ಚೌಕದ ಸುತ್ತಲಿನ ಸ್ಪ್ರಿಂಕ್ಲರ್‌ಗಳನ್ನ ಬೆನ್ನು ಪಿಚ್‌ಗೆ ಮಾಡಿ ಅರ್ಧ ವೃತ್ತಕ್ಕೆ ಹೊಂದಿಸಿ. ಇನ್ನೊಂದು ಮಾತು, ಮಳೆ ನಿಂತ ಮೇಲೆ ಟಾರ್ಪಾಲಿನ್ ಮೇಲಿನ ನೀರನ್ನ ಪ್ರತಿ ಸಲ ಒಂದೇ ಕಡೆ ಸುರೀಬೇಡಿ. ಬೌಲರ್ ರನ್-ಅಪ್ ಪಕ್ಕ ಕೆಸರಾಗೋದು ಬಹಳ ಸಲ ಅದರಿಂದಲೇ, ಬೈಗುಳ ಮಾತ್ರ ಸ್ಪ್ರಿಂಕ್ಲರ್‌ಗೆ.

ಮಧ್ಯಾಹ್ನದ ಹನಿಯಿಂದ ಹುಲ್ಲು ಸುಡಲ್ಲ. ಆವಿಯಾಗಿ, ಗಾಳಿಗೆ ಹಾರಿ ನೀರು ದಂಡ ಆಗುತ್ತೆ ಅಂತ ಬೇಡ ಅನ್ನೋದು. ಹೊಸದಾಗಿ ಬೇರುತುಂಡು ನೆಟ್ಟ ಜಾಗ ಮಾತ್ರ ಇದಕ್ಕೆ ಹೊರತು: ಅಲ್ಲಿ ಬೇರು ಹಿಡಿಯೋವರೆಗೆ ದಿನಕ್ಕೆ ಮೂರು-ನಾಲ್ಕು ಸಲ, ಒಂದೊಂದು ಸಲಕ್ಕೆ 1 ಮಿ.ಮೀ. ಕೊಡಿ. ಎಳೆದರೆ ಕೈಗೆ ಬರದಷ್ಟು ಬೇರು ಹಿಡಿದ ಮೇಲೆ ಆ ಪ್ರೋಗ್ರಾಂ ಅಳಿಸಿ, ಉಳಿದ ಮೈದಾನದ ಲೆಕ್ಕಕ್ಕೆ ಸೇರಿಸಿ.