ಆಕರಕೋಶ ಸಂಗ್ರಹ ಮೊದಲ ಸಲ ಸಾಲದಾದಾಗ

ಪ್ರಶ್ನೆ, ಶಿರಸಿಯಿಂದ: ನಮ್ಮ ತಂದೆಯವರಿಗೆ ಮಲ್ಟಿಪಲ್ ಮೈಲೋಮಾ (ಅಸ್ಥಿಮಜ್ಜೆಯಲ್ಲಿ ಬರುವ ಒಂದು ಬಗೆಯ ರಕ್ತದ ಕ್ಯಾನ್ಸರ್) ಇದ್ದು, ವರ್ಷಕ್ಕೂ ಹೆಚ್ಚು ಕಾಲದಿಂದ ಅದಕ್ಕೆ ಲೆನಲಿಡೊಮೈಡ್ ಮಾತ್ರೆ ತೆಗೆದುಕೊಂಡಿದ್ದಾರೆ. ಅವರದೇ ಆಕರಕೋಶಗಳಿಂದ (ಸ್ಟೆಮ್ ಸೆಲ್) ಕಸಿ ಮಾಡಲೆಂದು ಸಂಗ್ರಹಿಸಿದಾಗ ದೇಹತೂಕದ ಪ್ರತಿ ಕೆ.ಜಿ.ಗೆ 11 ಲಕ್ಷ ಕೋಶಗಳಷ್ಟೇ ದೊರೆತವು. ವೈದ್ಯರು ಮತ್ತೊಮ್ಮೆ ಪ್ರಯತ್ನಿಸೋಣ ಎನ್ನುತ್ತಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಕುಮಟಾದಿಂದ: ನಮ್ಮ ಯಜಮಾನರಿಗೂ ಮೊದಲ ಸಲ ಸಾಲಲಿಲ್ಲ, ಎರಡನೆಯ ಸಲ ದೊರೆಯಿತು. ಕನಿಷ್ಠ 20 ಲಕ್ಷ ಬೇಕು, 40–50 ಲಕ್ಷವಿದ್ದರೆ ಒಳ್ಳೆಯದು. ಲೆನಲಿಡೊಮೈಡ್ ಹೆಚ್ಚು ಕಾಲ ನಡೆದಷ್ಟೂ ಕೋಶಗಳು ಅಸ್ಥಿಮಜ್ಜೆಯಿಂದ ರಕ್ತಕ್ಕೆ ಬರುವುದು ಕಷ್ಟವಾಗುವುದರಿಂದ, ಸಾಮಾನ್ಯವಾಗಿ ಚಿಕಿತ್ಸೆಯ ಮೊದಲ ಕೆಲವು ಸುತ್ತುಗಳಲ್ಲೇ ಸಂಗ್ರಹಿಸಿಡುತ್ತಾರೆ. ಆ ಸಮಯ ದಾಟಿದವರಿಗೆ ಮಾತ್ರೆ ನಿಲ್ಲಿಸಿ ಕೆಲವು ವಾರಗಳ ಬಿಡುವು ಕೊಟ್ಟು ಸಂಗ್ರಹದ ಪ್ರಯತ್ನವನ್ನು ಮತ್ತೆ ಆರಂಭಿಸುವುದುಂಟು. ನಮಗೆ ಫಿಲ್‌ಗ್ರಾಸ್ಟಿಮ್ ಎಂಬ, ಆಕರಕೋಶಗಳನ್ನು ರಕ್ತಕ್ಕೆ ತರುವ ಚುಚ್ಚುಮದ್ದಿನ ಜೊತೆಗೆ ಪ್ಲೆರಿಕ್ಸಾಫೋರ್ ಎಂಬ ಔಷಧಿಯನ್ನೂ ಕೊಟ್ಟರು. ಕೋಶಗಳನ್ನು ಮಜ್ಜೆಗೆ ಅಂಟಿಸಿಟ್ಟ ಹಿಡಿತವನ್ನು ಅದು ಸಡಿಲಿಸುತ್ತದೆ. ಸಂಗ್ರಹಕ್ಕೆ ಸುಮಾರು 11 ಗಂಟೆ ಮುಂಚೆ, ಅಂದರೆ ಹಿಂದಿನ ರಾತ್ರಿ ಅದನ್ನು ಕೊಡುವುದರಿಂದ, ಊರಿನಿಂದ ಬೆಳಗಿನ ಬಸ್ಸಿಗೆ ಹೊರಟು ತಲುಪುವ ಯೋಚನೆ ಬೇಡ. ಆಸ್ಪತ್ರೆಯ ಹತ್ತಿರವೇ ಕೋಣೆ ಹಿಡಿಯಿರಿ. ಔಷಧಿ ದುಬಾರಿ, ಆದರೆ ಭಾರತೀಯ ಕಂಪನಿಗಳೂ ತಯಾರಿಸುತ್ತವೆ. ಬೆಲೆಯನ್ನು ಮೊದಲೇ ವಿಚಾರಿಸಿದರೆ ಕೊನೆಗಳಿಗೆಯ ಓಡಾಟ ತಪ್ಪುತ್ತದೆ.

ಬೆಳಿಗ್ಗೆ ರಕ್ತದಲ್ಲಿನ ಸಿಡಿ 34 ಎಣಿಕೆ (ಆಕರಕೋಶಗಳ ಎಣಿಕೆ) ನೋಡಿಯೇ ಕೋಶ ಸಂಗ್ರಹಿಸುವ ಯಂತ್ರಕ್ಕೆ ಜೋಡಿಸುತ್ತಾರೆ. ಎಣಿಕೆ ಏರದಿದ್ದರೆ ಅಂದಿನ ಸಂಗ್ರಹವನ್ನೇ ಮುಂದೂಡಬಹುದು. ತಂದೆಯವರಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲವಾದರೆ ತಮ್ಮದೇ ದೇಹ ಕೈಕೊಟ್ಟಿತೆಂದು ಬೇಸರಪಟ್ಟುಕೊಳ್ಳುತ್ತಾರೆ.

ಯಲ್ಲಾಪುರದಿಂದ: ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದನ್ನು ಮನೆಯಲ್ಲೇ ಕೊಡಿಸುವುದಾದರೆ 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಿಸಬಾರದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳಲಾಗದು. ಆದ್ದರಿಂದ ನಾವು ಒಮ್ಮೆಗೇ ತಂದಿಟ್ಟುಕೊಳ್ಳದೆ ಔಷಧಿ ಅಂಗಡಿಯಲ್ಲೇ ಇರಿಸಿ ದಿನದಿನವೂ ತರುತ್ತಿದ್ದೆವು. ಸೊಂಟ, ಎದೆಮೂಳೆಗಳಲ್ಲಿ ನೋವು ಬರುವುದು ಸಾಮಾನ್ಯ; ನಮಗೆ ಪ್ಯಾರಾಸಿಟಮಾಲ್ ಹೇಳಿದ್ದರು. ಜ್ವರ ಬಂದರೆ, ಅಥವಾ ಎಡಪಕ್ಕೆಯಲ್ಲಿ ತೀವ್ರ ನೋವು ಕಾಣಿಸಿದರೆ ಮಾತ್ರೆ ನುಂಗಿ ಕಾಯದೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ.

ಕಾರವಾರದಿಂದ: ಸಂಗ್ರಹದ ದಿನ ನಾಲ್ಕೈದು ಗಂಟೆ ಮಲಗಿರಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಸೇರಿಸುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಇಳಿಸುವುದರಿಂದ ತುಟಿ, ಬೆರಳುಗಳಲ್ಲಿ ಜುಮುಜುಮು ಎನ್ನುತ್ತದೆ; ನರ್ಸ್‌ಗೆ ತಕ್ಷಣ ತಿಳಿಸಿದರೆ ಕ್ಯಾಲ್ಸಿಯಂ ಕೊಡುತ್ತಾರೆ. ನಿಮ್ಮ ವಿಷಯದಲ್ಲಿ ಮುಖ್ಯವಾಗಿ ಕೇಳಬೇಕಾದದ್ದು, ಆ 11 ಲಕ್ಷ ಕೋಶಗಳನ್ನು ಅತಿಶೀತದಲ್ಲಿ ಕಾಪಿಟ್ಟಿದ್ದಾರೆಯೇ ಎಂಬುದು. ಹಾಗಿದ್ದರೆ ಈ ಸಲದ್ದನ್ನು ಅದಕ್ಕೆ ಕೂಡಿಸಬಹುದು. 4 ಡಿಗ್ರಿಯಲ್ಲಿ ಇಡುವ ಪದ್ಧತಿಯಾಗಿದ್ದರೆ ಎರಡು ಮೂರು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲವಾದ್ದರಿಂದ, ಎಣಿಕೆ ಮೊದಲಿನಿಂದಲೇ ಆರಂಭವಾಗುತ್ತದೆ.