ಅಪ್‌ಡೇಟ್: ಮಳೆಗಾಲವಿಡೀ ನಿಂತಿದ್ದ ಕಾರಿನ ಜರ್ಕ್ ಹೋಯ್ತು

ಮೂರು ತಿಂಗಳು ನಿಂತ ಪೆಟ್ರೋಲ್ ಕಾರು ಸ್ಟಾರ್ಟ್ ಆಗೋಕೆ ಒದ್ದಾಡುತ್ತೆ, ಆಕ್ಸಿಲರೇಟರ್ ಒತ್ತಿದರೆ ಜರ್ಕ್ ಹೊಡೆಯುತ್ತೆ, ಯಾವ ಅಡಿಟಿವ್ (ಪೆಟ್ರೋಲಿಗೆ ಬೆರೆಸೋ ದ್ರಾವಣ) ಹಾಕಲಿ ಅಂತ ಕೇಳಿದ್ದೆ. ಈಗ ಸರಿಯಾಗಿದೆ.

ಫಲ ಕೊಟ್ಟಿದ್ದು "ಮೊದಲು ಪೆಟ್ರೋಲನ್ನ ಗಾಜಿನ ಬಾಟಲಿಗೆ ಹಿಡಿದು ನೋಡಿ" ಎಂದವರ ಮಾತು. ಅವರಿಗೆ ತುಂಬಾ ಥ್ಯಾಂಕ್ಸ್. ಟ್ಯಾಂಕಿನ ತಳದಿಂದ ಅರ್ಧ ಲೀಟರ್ ತೆಗೆದು ಕಾಲು ಗಂಟೆ ಬಿಟ್ಟರೆ ಎರಡು ಪದರ! ಇ20 ಪೆಟ್ರೋಲಿನಲ್ಲಿ (ಶೇ. 20ರಷ್ಟು ಎಥನಾಲ್ ಬೆರೆಸಿದ್ದು) ಇರೋ ಎಥನಾಲ್ ನೀರು ಹೀರುತ್ತೆ. ಮಿತಿ ಮೀರಿದರೆ ನೀರು, ಎಥನಾಲ್ ಎರಡೂ ಸೇರಿ ತಳಕ್ಕಿಳಿಯುತ್ತವೆ. ಪಂಪ್ ಎಳೆಯೋದೂ ಅಲ್ಲಿಂದಲೇ. ಗೊತ್ತಿಲ್ಲದಿದ್ದ ಸಂಗತಿ: ಎಥನಾಲ್ ಕಳೆದುಕೊಂಡ ಮೇಲಿನ ಪೆಟ್ರೋಲಿನ ಆಕ್ಟೇನ್ (ಎಂಜಿನ್ ಒಳಗೆ ಹೊತ್ತಲ್ಲದ ಹೊತ್ತಿಗೆ ಹೊತ್ತಿಕೊಳ್ಳದಂತೆ ತಡೆಯೋ ಗುಣ) ಕೂಡ ಇಳಿದಿರುತ್ತೆ, ಹಾಗಾಗಿ ಅದನ್ನೂ ಉಳಿಸಿಕೊಳ್ಳಬಾರದು. ನೀರು ಬಂದಿದ್ದು ಬಿರುಕು ಬಿಟ್ಟ ಟ್ಯಾಂಕ್ ಮುಚ್ಚಳದ ರಬ್ಬರ್ ವಾಷರ್‌ನಿಂದ.

ಆಕ್ಟೇನ್ ಬೂಸ್ಟರ್ ಏನೂ ಮಾಡಲಿಲ್ಲ. ನೀರು ತೆಗೆಯೋ ಅಡಿಟಿವ್ ಚೂರುಪಾರು ತೇವಕ್ಕಷ್ಟೇ, ಪದರ ಬಿಟ್ಟ ಮೇಲೆ ಪ್ರಯೋಜನವಿಲ್ಲ. ಮೆಕ್ಯಾನಿಕ್ ಹತ್ತಿರ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಫಿಲ್ಟರ್, ವಾಷರ್ ಬದಲಿಸಿ, ಹೊಸ ಪೆಟ್ರೋಲ್ ಹಾಕಿಸಿದ ಮೇಲೆ ಜರ್ಕ್ ನಿಂತಿತು. ಐಡಲ್‌ನಲ್ಲಿ ಉಳಿದಿದ್ದ ಸಣ್ಣ ನಡುಕ ಪಿಇಎ (ಮಸಿ ತೆಗೆಯೋ ರಾಸಾಯನಿಕ, ಪಾಲಿಈಥರ್ ಅಮೈನ್) ಇರುವ ಇಂಜೆಕ್ಟರ್ ಕ್ಲೀನರ್‌ಗೆ ಹೋಯ್ತು: ಲೇಬಲ್ ಅಳತೆಯಷ್ಟೇ ಖಾಲಿ ಟ್ಯಾಂಕಿಗೆ ಸುರಿದು, ಮೇಲೆ ಫುಲ್ ಟ್ಯಾಂಕ್, ಆಮೇಲೆ ಹೈವೇ ಓಟ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ (ಪೆಟ್ರೋಲನ್ನ ನೇರ ಸಿಲಿಂಡರ್ ಒಳಗೇ ಚಿಮ್ಮಿಸೋದು) ಇರುವವರು ಗಮನಿಸಿ, ಈ ಕ್ಲೀನರ್ ಗಾಳಿ ಒಳಬಿಡೋ ಇಂಟೇಕ್ ವಾಲ್ವ್‌ನ ಮಸಿ ತೆಗೆಯಲ್ಲ. ಅಲ್ಲಿ ಪೆಟ್ರೋಲ್ ವಾಲ್ವ್ ಮೇಲೆ ಬೀಳೋದೇ ಇಲ್ಲ.