ದಿನಾ ಇಪ್ಪತ್ತು ಇಂಗ್ಲಿಷ್ ಪದ ಬರೆದಿಟ್ಟರೂ ಮಾತಾಡುವಾಗ ಒಂದೂ ಬಾಯಿಗೆ ಬರಲ್ಲ, ಏನು ಮಾಡಲಿ?

ಲೆಕ್ಕದವಳು:

ಎಲ್ಲರಿಗೂ ನಮಸ್ಕಾರ.

ನಾನು ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಇಂಗ್ಲಿಷ್ ಮೇಲ್ ಓದಿದರೆ ಅರ್ಥ ಆಗುತ್ತದೆ. ಗ್ರಾಮರ್ ಕೂಡ ತೀರಾ ಕೆಟ್ಟದಾಗಿಲ್ಲ. ಕೈಕೊಡುವುದು ಪದಗಳು. ಮೀಟಿಂಗಿನಲ್ಲಿ ಮಾತು ನನ್ನ ಕಡೆ ತಿರುಗಿದರೆ ಸಾಕು, ಗುಡ್, ಬ್ಯಾಡ್, ಪ್ರಾಬ್ಲಮ್, ಥಿಂಗ್ ಇಷ್ಟರಲ್ಲೇ ಗಿರಕಿ ಹೊಡೆಯುತ್ತೇನೆ. ಪಕ್ಕದಲ್ಲಿ ಕೂತವರು ಅದೇ ವಿಷಯವನ್ನು ಇನ್ನೊಂದು ಪದ ಹಾಕಿ ಹೇಳಿದಾಗ, ಅಯ್ಯೋ ಇದು ನನಗೂ ಗೊತ್ತಿತ್ತಲ್ಲ ಅನ್ನಿಸುತ್ತದೆ.

ಅದಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದಿನಾ ರಾತ್ರಿ ಡಿಕ್ಷನರಿ ನೋಡಿ ಇಪ್ಪತ್ತು ಪದ, ಎದುರಿಗೆ ಅರ್ಥ. ಅರ್ಧ ಪುಸ್ತಕ ತುಂಬಿದೆ. ಹಿಂದಿನ ವಾರದ ಪುಟ ತೆಗೆದರೆ ಮುಕ್ಕಾಲು ಪಾಲು ಪದ ಈಗಲೇ ಮೊದಲ ಸಲ ನೋಡಿದ ಹಾಗಿರುತ್ತವೆ.

ಕೋರ್ಸ್ ಸೇರುವಷ್ಟು ಹೊತ್ತಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಸ್ವಲ್ಪ ಸಮಯ ಸಿಗುತ್ತದೆ. ರಾತ್ರಿ ಮಗು ಮಲಗಿದ ಮೇಲೆ ಕಾಲು ಗಂಟೆ. ಇಷ್ಟರಲ್ಲಿ ಏನಾದರೂ ಆಗುತ್ತಾ? ಒಟ್ಟು ಎಷ್ಟು ಪದ ಬೇಕು? ಯಾವುದನ್ನು ಕಲಿಯಬೇಕು, ಯಾವುದನ್ನು ಬಿಡಬೇಕು ಅಂತಲೂ ಯಾರಾದರೂ ಹೇಳಿ.

ಸಂಜೆಪಾಠ:

ನಮಸ್ಕಾರ. ಕೆಲಸಕ್ಕೆ ಹೋಗುವವರಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ನಿಮ್ಮ ನೋಟ್‌ಬುಕ್ಕಿನಂಥವನ್ನು ಪ್ರತಿ ಬ್ಯಾಚಿನಲ್ಲೂ ನೋಡುತ್ತೇನೆ. ಅಕ್ಷರ ಮುತ್ತಿನ ಹಾಗೆ ಇರುತ್ತದೆ, ಕೆಂಪು ಶಾಯಿಯಲ್ಲಿ ಅಡಿಗೆರೆ ಬೇರೆ. ಮೂರನೇ ಪುಟದಿಂದ ಒಂದು ಪದ ಕೇಳಿದೆನೋ, ಎಲ್ಲರೂ ಸೂರು ನೋಡುತ್ತಾರೆ.

ನೀವು ಸೋಮಾರಿ ಅಲ್ಲ, ದಡ್ಡರೂ ಅಲ್ಲ. ನಿಮ್ಮ ಕಾಲು ಗಂಟೆಯೆಲ್ಲ ಬರೆಯುವುದರಲ್ಲೇ ಮುಗಿದುಹೋಗುತ್ತಿದೆ. ಬರೆದದ್ದನ್ನು ನೆನಪಿನಿಂದ ಹೊರಗೆ ತೆಗೆಯುವ ಕೆಲಸ ಒಂದು ದಿನವೂ ನಡೆಯುತ್ತಿಲ್ಲ. ಮೀಟಿಂಗಿನಲ್ಲಿ ಬೇಕಾಗುವುದು ಆ ಹೊರಗೆ ತೆಗೆಯುವ ಅಭ್ಯಾಸವೇ, ಅಲ್ವಾ?

ಹಾಗಾಗಿ ಇಪ್ಪತ್ತನ್ನು ಇವತ್ತೇ ನಿಲ್ಲಿಸಿ. ದಿನಕ್ಕೆ ಮೂರು ಹೊಸ ಪದ ಸಾಕು. ಉಳಿದ ಹೊತ್ತೆಲ್ಲ ಹಳೆಯ ಪದಗಳಿಗೆ. ಮೂರು ಅಂದರೆ ನನ್ನ ವಿದ್ಯಾರ್ಥಿಗಳು ಮೊದಲು ನಗುತ್ತಾರೆ. ಮೂರು ನಿಜವಾಗಿ ಉಳಿದರೆ ವರ್ಷಕ್ಕೆ ಸಾವಿರ ದಾಟುತ್ತದೆ, ಲೆಕ್ಕ ನಿಮಗೇ ಚೆನ್ನಾಗಿ ಗೊತ್ತು.

ಮರೆವಿನ ವಿಷಯ ಹೊಸದೇನಲ್ಲ. ಹರ್ಮನ್ ಎಬಿಂಗ್‌ಹೌಸ್ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಒಬ್ಬರಿದ್ದರು. ಅರ್ಥವೇ ಇಲ್ಲದ ಅಕ್ಷರಗಳ ಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವಿನ ದೊಡ್ಡ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಆಗಿಬಿಡುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ದಿನ ಕೂತು ಉರು ಹೊಡೆಯುವುದಕ್ಕಿಂತ ಕೆಲವು ದಿನಗಳಿಗೆ ಹಂಚಿಕೊಂಡರೆ ಕಡಿಮೆ ಶ್ರಮದಲ್ಲಿ ಉಳಿಯುತ್ತದೆ ಅನ್ನುವುದೂ ಅವರ ಲೆಕ್ಕದಲ್ಲೇ ಬಂದಿತ್ತು. ನೀವು ರಾತ್ರಿ ಬರೆದು ಬೆಳಿಗ್ಗೆ ತಿರುಗಿ ನೋಡದಿದ್ದರೆ, ಸರಿಯಾಗಿ ಪದ ಜಾರಿಹೋಗುವ ಹೊತ್ತಿಗೇ ಅದರ ಕೈ ಬಿಟ್ಟ ಹಾಗೆ.

ಈಗ ಯಾವ ಪದ ಅನ್ನುವ ಪ್ರಶ್ನೆ. ಡಿಕ್ಷನರಿ ತೆರೆದು ಆರಿಸಬೇಡಿ. ಅಲ್ಲಿ ಎಲ್ಲ ಪದಕ್ಕೂ ಒಂದೇ ಮರ್ಯಾದೆ, ಬಳಕೆಯಲ್ಲಿ ಹಾಗಿಲ್ಲ. ಮೈಕಲ್ ವೆಸ್ಟ್ ಅನ್ನುವವರು 1953ರಲ್ಲಿ ಕಲಿಯುವವರಿಗಾಗಿ ಸುಮಾರು 2000 ಪದಗಳ ಪಟ್ಟಿ ಕೊಟ್ಟರು. ಸಾಮಾನ್ಯ ಬರಹದಲ್ಲಿ ಹತ್ತಿರಹತ್ತಿರ ನೂರಕ್ಕೆ 80 ಪದ ಆ ಪಟ್ಟಿಯೊಳಗೇ ಸಿಗುತ್ತವೆ. 2013ರಲ್ಲಿ ಬೇರೆಯವರು ಅದನ್ನು ಹೊಸದಾಗಿ ಮಾಡಿದರು, ಸುಮಾರು 2800 ಪದ. ಅದು ನೂರಕ್ಕೆ 90ರ ಆಸುಪಾಸು ಮುಟ್ಟುತ್ತದೆ. ಯಾರ ಸಹಾಯವೂ ಇಲ್ಲದೆ ಕಾದಂಬರಿ, ಪತ್ರಿಕೆ ಓದಬೇಕು ಅಂದರೆ 8000ದಿಂದ 9000 ಪದ ಕುಟುಂಬ ಬೇಕು ಅಂತ ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು. ಕುಟುಂಬ ಅಂದರೆ ಹೆಲ್ಪ್, ಹೆಲ್ಪ್‌ಫುಲ್, ಹೆಲ್ಪ್‌ಲೆಸ್ ಎಲ್ಲ ಸೇರಿ ಒಂದು. ಗಾಬರಿ ಬೇಡ. ಮೇಲ್ ಓದಿ ಅರ್ಥ ಮಾಡಿಕೊಳ್ಳುತ್ತೀರಿ ಅಂದರೆ ಆ ಮೊದಲ ಎರಡು ಸಾವಿರದಲ್ಲಿ ಹೆಚ್ಚಿನವು ನಿಮಗೆ ನೋಡಿದರೆ ಗೊತ್ತಾಗುತ್ತವೆ. ಮೊದಲು ಅವೇ ಬಾಯಿಗೆ ಬರಲಿ.

ಅದಕ್ಕೆ ಪದ ಆರಿಸುವ ಜಾಗ ನಿಮ್ಮ ಮೇಲ್ ಡಬ್ಬಿ. ಇವತ್ತು ಬಂದ ಮೇಲ್‌ಗಳಲ್ಲಿ, ಓದಿದರೆ ಅರ್ಥವಾಗುವ ಆದರೆ ನೀವು ಯಾವತ್ತೂ ಬಳಸದ ಮೂರು ಪದ ಹುಡುಕಿ. ಅವು ಮುಂದಿನ ವಾರ ಮತ್ತೆ ಬಂದೇ ಬರುತ್ತವೆ. ನಿಮ್ಮ ಕೆಲಸವೇ ನಿಮಗೆ ಪುಕ್ಕಟೆಯಾಗಿ ಮರುಪಾಠ ಮಾಡಿಸುತ್ತದೆ.

ಒಂದು ಪದ ಹಿಡಿದು ತೋರಿಸುತ್ತೇನೆ. ‘ರಿಲಕ್ಟಂಟ್’ ಅಂತಿಟ್ಟುಕೊಳ್ಳಿ, ಅಂದರೆ ಹಿಂದೇಟು ಹಾಕುವ. ಅಂಗೈ ಅಗಲದ ಒಂದು ಚೀಟಿ ತೆಗೆದುಕೊಳ್ಳಿ. ಒಂದು ಬದಿ ನಿಮ್ಮದೇ ಆಫೀಸಿನ ವಾಕ್ಯ, ಪದದ ಜಾಗ ಖಾಲಿ: ‘ದಿ ಕ್ಲೈಂಟ್ ವಾಸ್ ______ ಟು ಪೇ ಇನ್ ಅಡ್ವಾನ್ಸ್.’ ಇನ್ನೊಂದು ಬದಿಗೆ ಪದ. ಜೊತೆಗೆ ‘ಟು’ ಕೂಡ ಬರೆಯಿರಿ, ಅದು ಬಂದೇ ಬರುವ ಬಾಲ. ಬೆಳಿಗ್ಗೆ ಬಸ್ಸಿನಲ್ಲಿ ಖಾಲಿ ಬದಿ ನೋಡಿ. ತಕ್ಷಣ ತಿರುಗಿಸಬೇಡಿ. ಒಂದು ಹತ್ತು ಸೆಕೆಂಡು ಒದ್ದಾಡಿ. ಮೊದಲಕ್ಷರ ಬರುತ್ತದೆ, ಮುಂದಕ್ಕೆ ತಡವರಿಸುತ್ತದೆ, ಇನ್ನೇನು ನಾಲಿಗೆ ತುದಿಯಲ್ಲಿದೆ ಅನ್ನಿಸುತ್ತದೆ. ಆ ಒದ್ದಾಟದಲ್ಲೇ ಪದ ಗಟ್ಟಿಯಾಗುವುದು. ಬರದಿದ್ದರೂ ನಷ್ಟವಿಲ್ಲ, ತಿರುಗಿಸಿ ನೋಡಿ, ಪೂರ್ತಿ ವಾಕ್ಯವನ್ನು ತುಟಿ ಅಲ್ಲಾಡಿಸಿ ಹೇಳಿಕೊಳ್ಳಿ. ಅದೇ ದಿನ ಆಫೀಸಿನಲ್ಲಿ ಒಂದು ಮೇಲ್‌ನಲ್ಲಿ ಆ ಪದ ತೂರಿಸಲು ಜಾಗ ಸಿಗುತ್ತಾ ನೋಡಿ. ಸಿಕ್ಕರೆ ಅರ್ಧ ಗೆದ್ದ ಹಾಗೆ.

ಚೀಟಿ ಜಾಸ್ತಿಯಾದಾಗ ಖಾನೆ ಮಾಡಿಕೊಳ್ಳಿ. ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಇದನ್ನು ಜನಪ್ರಿಯ ಮಾಡಿದರು. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. ನಾನು ಹೇಳಿಕೊಡುವುದು ಮೂರೇ ಖಾನೆ: ಮೊದಲನೆಯದು ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಚೀಟಿಗಳ ರಗಳೆ ಬೇಡ ಅಂದರೆ ಆಂಕಿ ಅನ್ನುವ ಆ್ಯಪ್ ಇದೇ ಕೆಲಸ ಮಾಡುತ್ತದೆ. 2006ರಿಂದ ಇದೆ, ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್‌ನಲ್ಲೂ ಉಚಿತ. ಆದರೆ ಯಾರೋ ಮಾಡಿಟ್ಟ ಐದು ಸಾವಿರ ಪದದ ಕಟ್ಟು ಇಳಿಸಿಕೊಳ್ಳಬೇಡಿ. ಚೀಟಿ ನೀವೇ ಮಾಡಬೇಕು. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ.

ಪುಟದಂಚು:

ಸಂಜೆಪಾಠ ಅವರ ಬಗ್ಗೆ ಗೌರವವಿದೆ, ಆದರೆ ಈ ಚೀಟಿ ಗೀಟಿ ಎಲ್ಲ ಪರೀಕ್ಷೆಗೆ ಸರಿ. ಭಾಷೆ ಬರುವುದು ಓದಿನಿಂದ. ದಿನಾ ಎರಡು ಪುಟ ಸುಮ್ನೆ ಓದಿ. ಒಂದೇ ಷರತ್ತು, ಸುಲಭದ್ದು ಓದಬೇಕು. ಒಂದು ಸಾಲಿಗೆ ಎರಡು ಸಲ ಡಿಕ್ಷನರಿ ಮುಟ್ಟಬೇಕಾದರೆ ಆ ಪುಸ್ತಕ ಮುಚ್ಚಿಡಿ, ಅದರ ಸಮಯ ಇನ್ನೂ ಬಂದಿಲ್ಲ. ವಿಕಿಪೀಡಿಯದಲ್ಲಿ ಸಿಂಪಲ್ ಇಂಗ್ಲಿಷ್ ಅಂತಲೇ ಒಂದು ಆವೃತ್ತಿ ಇದೆ. ನಿಮಗೆ ಇಷ್ಟದ ವಿಷಯ ಹುಡುಕಿ ಓದಿ. ಕ್ರಿಕೆಟ್ಟೋ ತಿಮಿಂಗಿಲವೋ, ಏನಾದರೂ ಆಗಲಿ. ಬಿಬಿಸಿಯವರು 1943ರಿಂದಲೂ ಇಂಗ್ಲಿಷ್ ಕಲಿಸುತ್ತಿದ್ದಾರೆ, ಅವರ ಪುಟ್ಟ ಆಡಿಯೋಗಳೂ ಚೆನ್ನಾಗಿವೆ.

ಸಂಜೆಪಾಠ:

@ಪುಟದಂಚು, ಸುಲಭದ್ದು ಓದಬೇಕು ಅನ್ನುವುದಕ್ಕೆ ನಾನೂ ಕೈ ಎತ್ತುತ್ತೇನೆ. ಜಗಳ ಇರುವುದು ಒಂದೇ ಕಡೆ. ದಿನಕ್ಕೆ ಎರಡು ಪುಟ ಓದುವವರಿಗೆ ಒಂದು ಅಪರೂಪದ ಪದ ಮತ್ತೆ ಎದುರಾಗುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಜಾಸ್ತಿ ಓದುವವರಿಗೆ ಚೀಟಿ ಬೇಡ. ಹೊತ್ತಿಲ್ಲದವರಿಗೆ ಬೇಕು. ಇನ್ನೊಂದು ಮಾತು, ವರ್ಷಗಟ್ಟಲೆ ಓದಿ ಓದಿ ಮಾತಾಡುವಾಗ ಗುಡ್, ಬ್ಯಾಡ್‌ನಲ್ಲೇ ನಿಂತವರನ್ನು ತುಂಬಾ ಜನ ನೋಡಿದ್ದೇನೆ. ಓದು ಕಿವಿಗೂ ಕಣ್ಣಿಗೂ ಕಲಿಸುತ್ತದೆ, ನಾಲಿಗೆಗೆ ಬೇರೆ ಕಸರತ್ತು ಬೇಕು.

ಸ್ಪ್ಯಾನರ್:

ಆ ಕಸರತ್ತಿನ ಬಗ್ಗೆ ನಾನು ಹೇಳುತ್ತೇನೆ. ನಾನು ಮೆಷಿನ್ ಮೇಂಟೆನೆನ್ಸ್ ಕೆಲಸದವನು. ಓದುವುದು ನನ್ನಿಂದ ಆಗದ ಮಾತು, ಪುಸ್ತಕ ಹಿಡಿದರೆ ನಿದ್ದೆ.

ನಾನು ಮಾಡುವುದು ಇಷ್ಟೇ. ಶಿಫ್ಟ್ ಮುಗಿಸಿ ಬರುವಾಗ ಫೋನಿನ ರೆಕಾರ್ಡರ್ ಆನ್ ಮಾಡಿ ಒಂದು ನಿಮಿಷ ಇಂಗ್ಲಿಷಿನಲ್ಲಿ ಇವತ್ತು ಏನಾಯಿತು ಅಂತ ಹೇಳುತ್ತೇನೆ. ಎಲ್ಲಿ ಪದ ಸಿಗಲ್ಲವೋ ಅಲ್ಲಿ ಕನ್ನಡ ಹಾಕಿ ಮುಂದೆ ಹೋಗುತ್ತೇನೆ. ‘ದಿ ಪೈಪ್ ವಾಸ್ ಸೋರುತ್ತಿತ್ತು, ದಿ ಬೋಲ್ಟ್ ಸಡಿಲ ಆಗಿತ್ತು’ ಅಂತ. ಆಮೇಲೆ ಕೇಳಿ, ಕನ್ನಡ ಬಂದ ಜಾಗದ ಪದ ಮಾತ್ರ ಹುಡುಕುತ್ತೇನೆ. ಲೀಕ್, ಲೂಸ್, ಟೈಟನ್. ಮಾರನೇ ದಿನ ಅದೇ ಕಥೆ ಮತ್ತೆ ಹೇಳುವುದು, ಈ ಸಲ ಕನ್ನಡ ಇಲ್ಲದೆ. ಯಾವ ಪದ ಬೇಕು ಅಂತ ತಲೆಕೆಡಿಸಿಕೊಳ್ಳುವ ಕೆಲಸವೇ ಇಲ್ಲ, ಬಾಯೇ ಕೇಳುತ್ತದೆ. ಮೊದಮೊದಲು ನನ್ನ ದನಿ ನನಗೇ ಕೇಳಲು ಆಗುತ್ತಿರಲಿಲ್ಲ, ಅದು ಬೇರೆ ವಿಷಯ.

ಲೆಕ್ಕದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಪ್ಯಾನರ್ ಅವರೇ, ನಿಮ್ಮ ಉಪಾಯ ಇವತ್ತೇ ಕದಿಯುತ್ತಿದ್ದೇನೆ.

ಸಂಜೆಪಾಠ ಸರ್, ಇವತ್ತಿನ ಮೇಲ್‌ಗಳಲ್ಲಿ ಹುಡುಕಿದೆ. ‘ಪೆಂಡಿಂಗ್’, ‘ಕ್ಲಾರಿಫೈ’, ‘ಡಿಸ್ಕ್ರೆಪನ್ಸಿ’. ಕೊನೆಯದನ್ನು ದಿನಾ ನೋಡುತ್ತೇನೆ, ಒಂದು ಸಲವೂ ಬಳಸಿಲ್ಲ, ಡಿಫರೆನ್ಸ್ ಅಂತಲೇ ಬರೆಯುತ್ತೇನೆ. ಇನ್ನೆರಡು ಅನುಮಾನ. ಡಿಕ್ಷನರಿ ಯಾವುದು ಬಳಸಲಿ? ಮಗುವಿಗೆ ಹುಷಾರಿಲ್ಲದ ದಿನ ಏನೂ ಆಗಲ್ಲ, ಒಂದು ದಿನ ತಪ್ಪಿದರೆ ನನಗೆ ಇಡೀ ಅಭ್ಯಾಸವೇ ಬಿಟ್ಟುಹೋಗುತ್ತದೆ. ಅದಕ್ಕೇನು ಮಾಡುವುದು?

ಸಂಜೆಪಾಠ:

ಮೂರೂ ಒಳ್ಳೆಯ ಆಯ್ಕೆ. ‘ಡಿಸ್ಕ್ರೆಪನ್ಸಿ’ ಚೀಟಿಯಲ್ಲಿ ‘ಬಿಟ್ವೀನ್’ ಸೇರಿಸಿ, ಯಾವುದರ ಮತ್ತು ಯಾವುದರ ನಡುವೆ ಅಂತ ಪೂರ್ತಿ ವಾಕ್ಯ ಬರಲಿ. ಲೆಡ್ಜರ್, ಬ್ಯಾಂಕ್ ಸ್ಟೇಟ್‌ಮೆಂಟ್ ಅಂತ ನಿಮ್ಮದೇ ಮಾತು ಹಾಕಿ.

ಡಿಕ್ಷನರಿ ವಿಷಯ. ಕಲಿಯುವವರಿಗಾಗಿಯೇ ಮಾಡಿದ್ದು ಬಳಸಿ. ಲಾಂಗ್‌ಮನ್‌ನವರು 1978ರಲ್ಲಿ ತಂದದ್ದರಲ್ಲಿ ಎಲ್ಲ ಅರ್ಥವನ್ನೂ ಸುಮಾರು 2000 ಸುಲಭ ಪದಗಳಲ್ಲೇ ಬರೆದಿದ್ದರು. ಈಗ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನವರದೂ ಇವೆ, ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತವೆ. ಅರ್ಥ ಓದಿ ಮುಚ್ಚಬೇಡಿ, ಕೆಳಗಿನ ಉದಾಹರಣೆ ವಾಕ್ಯ ನೋಡಿ. ಯಾವ ಪದ ಯಾವುದರ ಪಕ್ಕ ಕೂರುತ್ತದೆ ಅನ್ನುವುದು ಅಲ್ಲೇ ಗೊತ್ತಾಗುವುದು. ಡಿಸಿಷನ್‌ಗೆ ಮೇಕ್, ರಿಸ್ಕ್‌ಗೆ ಟೇಕ್, ಮಳೆಗೆ ಹೆವಿ. ಇದಕ್ಕೆ ನಿಯಮ ಹುಡುಕಲು ಹೋಗಬೇಡಿ, ಜೋಡಿಯಾಗಿಯೇ ಕಲಿಯಿರಿ. ಸ್ಪೀಕರ್ ಗುರುತು ಒತ್ತಿ ಉಚ್ಚಾರಣೆಯನ್ನೂ ಒಮ್ಮೆ ಕೇಳಿಬಿಡಿ. ಪದ ಗೊತ್ತಿದ್ದೂ ಹೇಗೆ ಹೇಳುವುದೋ ಅನ್ನುವ ಅಂಜಿಕೆಗೆ ಎಷ್ಟೋ ಜನ ಬಾಯಿ ಬಿಡುವುದಿಲ್ಲ.

ದಿನ ತಪ್ಪುವ ಬಗ್ಗೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಮಾಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹೊಸ ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಒಬ್ಬೊಬ್ಬರಿಗೆ ಒಂದೊಂದು ಥರ ಸಮಯ ಬೇಕಾಯಿತು, 18 ದಿನದಿಂದ ಹಿಡಿದು 254 ದಿನದವರೆಗೆ. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ಆದ್ದರಿಂದ ಕ್ಯಾಲೆಂಡರಿನಲ್ಲಿ ಸಾಲಾಗಿ ಟಿಕ್ ಹಾಕುವ ಚಟ ಬೇಡ. ಸಾಲು ತುಂಡಾದರೆ ಮನಸ್ಸೂ ಮುರಿಯುತ್ತದೆ. ಅದರ ಬದಲು, ದಿನಾ ಹೇಗಿದ್ದರೂ ನಡೆಯುವ ಒಂದು ಕೆಲಸಕ್ಕೆ ಕಟ್ಟಿಬಿಡಿ. ಬಸ್ಸಿನಲ್ಲಿ ಸೀಟು ಸಿಕ್ಕ ತಕ್ಷಣ ಚೀಟಿ, ಆಮೇಲೆ ಫೋನ್. ಹುಷಾರಿಲ್ಲದ ದಿನಕ್ಕೆ ಹೊಸ ಪದ ಬೇಡ, ಮೊದಲ ಖಾನೆಯಿಂದ ಒಂದೇ ಒಂದು ಚೀಟಿ ನೋಡಿ ಮಲಗಿ. ಎರಡು ಮೂರು ದಿನ ತಪ್ಪಿ ಚೀಟಿ ಗುಡ್ಡೆಯಾದರೆ ಎಲ್ಲವನ್ನೂ ಒಂದೇ ಸಲ ಮುಗಿಸಲು ಹೋಗಬೇಡಿ. ಆ ವಾರ ಹೊಸದು ನಿಲ್ಲಿಸಿ ಹಳೆಯದಷ್ಟೇ ನೋಡಿ.

ಲೆಕ್ಕದವಳು:

ಸರಿ ಸರ್. ಕೊನೆಯದಾಗಿ ಒಂದು, ಚೀಟಿ ಹಿಂದೆ ಕನ್ನಡ ಅರ್ಥ ಬರೆದರೆ ತಪ್ಪಾ? ಇಂಗ್ಲಿಷಿನಲ್ಲೇ ಯೋಚಿಸಬೇಕು ಅಂತ ಎಲ್ಲರೂ ಹೇಳುತ್ತಾರೆ.

ಸಂಜೆಪಾಠ:

ತಪ್ಪೇನಿಲ್ಲ, ಧಾರಾಳವಾಗಿ ಬರೆಯಿರಿ. ಒಂದು ಪದಕ್ಕೆ ಕಾಲು ಪುಟ ಇಂಗ್ಲಿಷ್ ವಿವರಣೆ ಓದುವುದಕ್ಕಿಂತ ಒಂದು ಕನ್ನಡ ಮಾತು ಬೇಗ ಕೆಲಸ ಮಾಡುತ್ತದೆ. ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಬರೆಯಿರಿ. ಚೀಟಿ ಮೂರನೇ ಖಾನೆಗೆ ಬಂದ ದಿನ ಅಳಿಸಿ, ವಾಕ್ಯ ಮಾತ್ರ ಇರಲಿ.

ಸ್ಪ್ಯಾನರ್:

ಪೆನ್ಸಿಲ್ ಐಡಿಯಾ ಚೆನ್ನಾಗಿದೆ. ಲೆಕ್ಕದವಳು ಅವರೇ, ರೆಕಾರ್ಡಿಂಗ್ ಒಂದು ನಿಮಿಷಕ್ಕಿಂತ ಉದ್ದ ಮಾಡಬೇಡಿ. ಆಮೇಲೆ ಕೇಳಲು ಬೇಜಾರಾಗುತ್ತದೆ.